ನಾಯಿ ಜೊತೆ ಬೈಕ್ ಪ್ರಯಾಣ: ಬ್ಯಾಗೋ, ಬಾಕ್ಸೋ, ಸೈಡ್‌ಕಾರೋ, ಟ್ರೇಲರೋ?

ಒಂದೇ ತಿಂಗಳಲ್ಲಿ ಮೂವರು ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ದಾರೆ. ಮೈಸೂರಿನ ಒಬ್ಬರ ಮನೆಯಲ್ಲಿ 8 ಕಿಲೋದ ಪಗ್ ಇದೆ, ಓಡಾಟಕ್ಕೆ ಸ್ಕೂಟರ್. ದಾವಣಗೆರೆಯ ಹುಡುಗನ ಹತ್ತಿರ ಕ್ಲಾಸಿಕ್ 350 ಬೈಕು, ಜೊತೆಗೆ 32 ಕಿಲೋ ತೂಗುವ ಲ್ಯಾಬ್ರಡಾರ್. ಮೂರನೆಯವರು ಅಮೆರಿಕದ ಟೆಕ್ಸಸ್‌ನಲ್ಲಿರುವ ಕನ್ನಡಿಗರು. ಹೋಂಡಾದ ದೊಡ್ಡ ಬೈಕು ಗೋಲ್ಡ್ ವಿಂಗ್ ಓಡಿಸುತ್ತಾರೆ, ಗೋಲ್ಡನ್ ರಿಟ್ರೀವರ್ ಸಾಕಿದ್ದಾರೆ. ಮೂವರೂ ನೋಡಿರುವುದು ಒಂದೇ ಥರದ ವಿಡಿಯೊ. ದೊಡ್ಡ ಬೈಕು, ಅದರ ಹಿಂದೆ ಪುಟ್ಟ ಗಾಡಿ, ಗಾಡಿಯ ಕಿಟಕಿಯಿಂದ ಮೂತಿ ಹೊರಗೆ ಹಾಕಿಕೊಂಡು ಗಾಳಿ ಕುಡಿಯುತ್ತಿರುವ ನಾಯಿ. ‘ನಾವೂ ಟ್ರೇಲರ್ ತಗೋಬಹುದಾ?’

ನಾನು ಆರು ವರ್ಷದಿಂದ ಕೆಂಪಿಯನ್ನು ಕರೆದುಕೊಂಡು ಬೆಂಗಳೂರಿನಿಂದ ಸಕಲೇಶಪುರದ ಕಡೆ ಓಡಾಡುತ್ತಿದ್ದೇನೆ. ಕೆಂಪಿ ಅಂದರೆ ನಮ್ಮ ಬೀದಿಯಲ್ಲೇ ಸಿಕ್ಕ ಊರ ನಾಯಿ, 17 ಕಿಲೋ. ಈ ಆರು ವರ್ಷದಲ್ಲಿ ಬಾಕ್ಸ್ ಕಟ್ಟಿ ನೋಡಿದ್ದೇನೆ, ಸೈಡ್‌ಕಾರ್ ಓಡಿಸಿದ್ದೇನೆ, ಗೆಳೆಯನ ಟ್ರೇಲರ್ ಎಳೆದಿದ್ದೇನೆ, ಕೈಸೋತು ಕಾರಿಗೂ ಹೋಗಿದ್ದೇನೆ. ಆದ್ದರಿಂದ ಉತ್ತರವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಅಳತೆಗೋಲು

ಯಾವುದನ್ನು ಕೊಳ್ಳಬೇಕು ಅನ್ನುವುದಕ್ಕಿಂತ ಮುಂಚೆ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ.

ಒಂದು, ಜೋರಾಗಿ ಬ್ರೇಕ್ ಹಾಕಿದರೆ ನಾಯಿ ಎಲ್ಲಿಗೆ ಹೋಗುತ್ತದೆ? ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಗಾಡಿ ನಿಂತರೂ ಕಟ್ಟದ ನಾಯಿ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಕತ್ತಿನ ಪಟ್ಟಿಗೆ ಹಗ್ಗ ಕಟ್ಟಿ ನಿಲ್ಲಿಸಿದರೆ ಪೂರ್ತಿ ಏಟು ಕತ್ತಿಗೇ. ಆದ್ದರಿಂದ ಎದೆಯನ್ನು ಸುತ್ತುವ ಹಾರ್ನೆಸ್ ಬೇಕು. ಅದನ್ನು ಗಾಡಿಯ ಲೋಹದ ಭಾಗಕ್ಕೆ ಎರಡು ಕಡೆಯಿಂದ ಗಿಡ್ಡ ಬೆಲ್ಟ್‌ನಲ್ಲಿ ಬಿಗಿಯಬೇಕು. ನಾಯಿಗೆ ಮಲಗಲು, ಮಗ್ಗುಲು ಬದಲಿಸಲು ಆಗಬೇಕು. ಅಂಚು ದಾಟಿ ಹಾರಲು ಆಗಬಾರದು. ಬೆಲ್ಟ್ ಉದ್ದ ಇದ್ದರೆ ನಾಯಿ ಹಾರಿ ನೇತಾಡುತ್ತದೆ, ಅದು ಕಟ್ಟದೇ ಇರುವುದಕ್ಕಿಂತ ಕೆಟ್ಟದ್ದು.

ಎರಡು, ಓಡಿಸುತ್ತಿರುವಾಗ ನಾಯಿ ನಿಮ್ಮ ಕಣ್ಣಿಗೆ ಕಾಣುತ್ತದಾ? ಇದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ನಾಯಿಗೆ ವಾಂತಿ ಬರುವ ಹಾಗಾಗಿದೆ, ಬೆಲ್ಟ್ ಕಾಲಿಗೆ ಸುತ್ತಿಕೊಂಡಿದೆ, ಏದುಸಿರು ಜಾಸ್ತಿಯಾಗಿದೆ ಅನ್ನುವುದು ನೋಡಿದರೆ ಮಾತ್ರ ಗೊತ್ತಾಗುವುದು. ಹೆಲ್ಮೆಟ್ ಒಳಗೆ, ಇಂಜಿನ್ ಸದ್ದಿನಲ್ಲಿ, ಅದು ಕುಂಯ್‌ಗುಟ್ಟಿದ್ದು ಕೇಳಿಸುವುದಿಲ್ಲ.

ಮೂರು, ಬಿಸಿಲು, ಧೂಳು, ಹೊಗೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಒಂಚೂರು ಬೆವರುತ್ತದೆ ಅಷ್ಟೆ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಅದರ ಮೈಬಿಸಿ ಮಾಮೂಲಿಯಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ನಡುವೆ ಇರುವುದು ಎರಡೇ ಡಿಗ್ರಿ ಅಂತ ನೆನಪಿಟ್ಟುಕೊಳ್ಳಿ. ಪಗ್, ಬುಲ್‌ಡಾಗ್, ಶಿಟ್ಸುವಿನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಆ ಏದುಸಿರೂ ಸರಿಯಾಗಿ ಆಡುವುದಿಲ್ಲ.

ನಾಲ್ಕು, ಕಾಗದ. ಪೊಲೀಸರು ನಿಲ್ಲಿಸಿದರೆ ಏನು ತೋರಿಸುತ್ತೀರಿ? ಅಪಘಾತವಾದರೆ ಇನ್ಶೂರೆನ್ಸ್‌ನವರು ಏನು ಕೇಳುತ್ತಾರೆ?

ದುಡ್ಡಿನ ಪ್ರಶ್ನೆಯನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಬ್ಯಾಗು, ಹಾರ್ನೆಸ್ಸು ಸಾವಿರದ ಲೆಕ್ಕದಲ್ಲಿ ಮುಗಿಯುತ್ತವೆ. ಟ್ರೇಲರ್, ಸೈಡ್‌ಕಾರ್ ಅಂದರೆ ಹತ್ತಾರು ಸಾವಿರದಿಂದ ಲಕ್ಷದ ಕಡೆ ನಡೆಯುತ್ತದೆ. ಆ ಮೊತ್ತ ಕೈಯಲ್ಲಿರುವವರು ಹಳೇ ಕಾರಿನ ಬೆಲೆಯನ್ನೂ ಒಮ್ಮೆ ವಿಚಾರಿಸಬೇಕು. ಬೈಕ್ ಪ್ರೇಮಿಗಳಿಗೆ ಈ ಮಾತು ಹಿಡಿಸುವುದಿಲ್ಲ, ನನಗೂ ಹಿಡಿಸಿರಲಿಲ್ಲ.

ಫುಟ್‌ಬೋರ್ಡ್ ಮೇಲೆ ನಿಲ್ಲಿಸಿಕೊಂಡು ಹೋಗುವುದು

ನಮ್ಮ ಯಾವ ಊರಿಗೆ ಹೋದರೂ ಕಾಣುವ ನೋಟ ಇದು. ಸ್ಕೂಟರಿನ ಮುಂದೆ ಎರಡು ಕಾಲಿನ ನಡುವೆ ನಾಯಿ, ಹ್ಯಾಂಡಲ್ ಮೇಲೆ ಅದರ ಮುಂಗಾಲು. ನೋಡಲು ಮುದ್ದಾಗಿರುತ್ತದೆ, ಸುಳ್ಳಲ್ಲ. ಆದರೆ ಬೀದಿಯಲ್ಲಿ ಇನ್ನೊಂದು ನಾಯಿ ಬೊಗಳಿದ ಕೂಡಲೇ ಇದು ಹಾರುತ್ತದೆ, ಹಾರುವಾಗ ಹ್ಯಾಂಡಲ್ಲನ್ನೇ ಒದ್ದು ಹಾರುತ್ತದೆ. ಡಾಕ್ಟರ ಹತ್ತಿರ ಅರ್ಧ ಕಿಲೋಮೀಟರ್ ಹೋಗಬೇಕಿದ್ದರೂ ನಾನು ಇದನ್ನು ಮಾಡಿ ಅನ್ನುವುದಿಲ್ಲ. ಆಟೊ ಹಿಡಿಯಿರಿ.

ಬೆನ್ನಿನ ಬ್ಯಾಗು: ಪುಟ್ಟ ನಾಯಿಗೆ

ಏಳೆಂಟು ಕಿಲೋವರೆಗಿನ ನಾಯಿಗೆ ಇದು ಕಡಿಮೆ ಖರ್ಚಿನ, ಕೆಲಸಕ್ಕೆ ಬರುವ ದಾರಿ. ನಾಯಿಯ ತಲೆ ಮಾತ್ರ ಹೊರಗೆ ಇರುವ, ಮೈಗೆ ಗಾಳಿಯಾಡುವ, ಒಳಗೆ ಹಾರ್ನೆಸ್ ಸಿಕ್ಕಿಸಲು ಕೊಂಡಿ ಇರುವ ಬ್ಯಾಗು ನೋಡಿ. ಅಂಗಡಿಯಲ್ಲಿ ಬರಿ ಬ್ಯಾಗನ್ನು ನೋಡಿ ಕೊಳ್ಳಬೇಡಿ. ನಾಯಿಯನ್ನು ಕರೆದುಕೊಂಡು ಹೋಗಿ ಒಳಗೆ ಕೂರಿಸಿ. ಕುಂಡೆ ಕೆಳಗೆ ಗಟ್ಟಿ ತಳ ಇಲ್ಲದಿದ್ದರೆ ಅದು ಜೋಲಿಯ ಹಾಗೆ ಕುಸಿದು ಬೆನ್ನು ಬಾಗಿಸಿಕೊಂಡು ಕೂರುತ್ತದೆ. ಹತ್ತು ನಿಮಿಷಕ್ಕೆ ಒದ್ದಾಡುತ್ತದೆ.

ಇದರ ತೊಂದರೆ ಎರಡು. ಬೆನ್ನ ಹಿಂದೆ ಇರುವುದರಿಂದ ನಿಮಗೆ ಕಾಣುವುದಿಲ್ಲ. ನೀವು ಬೆನ್ನ ಮೇಲೆ ಬಿದ್ದರೆ ಅದರ ಮೇಲೇ ಬೀಳುತ್ತೀರಿ. ಎದೆಗೆ ಹಾಕಿಕೊಂಡರೆ ಕಣ್ಣಿಗೆ ಕಾಣುತ್ತದೆ, ಆದರೆ ಹ್ಯಾಂಡಲ್ ತಿರುಗಿಸಲು ಅಡ್ಡ, ಮೀಟರೂ ಮರೆಯಾಗುತ್ತದೆ. ಆದ್ದರಿಂದ ಬೆನ್ನಿಗೇ ಹಾಕಿ, ಕನ್ನಡಿಯೊಂದನ್ನು ಅದರ ಮುಖ ಕಾಣುವ ಹಾಗೆ ಹೆಚ್ಚುವರಿಯಾಗಿ ಸಿಕ್ಕಿಸಿ. ಅರ್ಧ ಗಂಟೆಗೊಮ್ಮೆ ಇಳಿಸಿ. ಊರೊಳಗಿನ ಓಡಾಟಕ್ಕೆ ಸರಿ, 150 ಕಿಲೋಮೀಟರಿಗೆ ಬೇಡ.

ಹಿಂಬದಿಯ ಬಾಕ್ಸು: ನಾನು ಕಲಿತ ಪಾಠ

ಪಿಲಿಯನ್ ಸೀಟಿನ ಮೇಲೆ ಕೂರುವ, ಮುಂದೆ ತೆರೆದ, ಮೇಲೆ ಕವರ್ ಇರುವ ಬಾಕ್ಸುಗಳು ಹೊರದೇಶಗಳಲ್ಲಿ ಸಿಗುತ್ತವೆ. ನಮ್ಮಲ್ಲಿ ಜನ ಪ್ಲಾಸ್ಟಿಕ್ ಕ್ರೇಟನ್ನೋ ಕಬ್ಬಿಣದ ಗೂಡನ್ನೋ ಕಟ್ಟಿಸಿಕೊಳ್ಳುತ್ತಾರೆ. ನಾನೂ ಕಟ್ಟಿಸಿದೆ. ಅಂಗಡಿಯವರು ಎಲಾಸ್ಟಿಕ್ ಹಗ್ಗದಲ್ಲಿ ಬಿಗಿದು ‘ಏನೂ ಆಗಲ್ಲ ಸಾರ್’ ಅಂದರು. ಯಡಿಯೂರು ದಾಟುವ ಹೊತ್ತಿಗೆ ಒಂದು ಹಂಪ್ ಗಮನಿಸಲಿಲ್ಲ. ಬಾಕ್ಸು ಒಂದು ಗೇಣು ಎಡಕ್ಕೆ ವಾಲಿತು. ಕೆಂಪಿ ಬೀಳಲಿಲ್ಲ, ಹಾರ್ನೆಸ್ ಹಿಡಿದುಕೊಂಡಿತು. ಆದರೆ ಆಮೇಲೆ ಮೂರು ತಿಂಗಳು ಅವಳು ಬೈಕಿನ ಹತ್ತಿರ ಬರಲಿಲ್ಲ. ಕೀಲಿಕೈ ಸದ್ದು ಕೇಳಿದರೆ ಮಂಚದ ಕೆಳಗೆ ಸೇರುತ್ತಿದ್ದಳು.

ಎಲಾಸ್ಟಿಕ್ ಹಗ್ಗ ಎಳೆದಷ್ಟೂ ಬರುತ್ತದೆ, ಅದೇ ಅದರ ಕೆಲಸ. ಬಾಕ್ಸ್ ಕಟ್ಟಬೇಕಿದ್ದರೆ ಬಕಲ್ ಇರುವ ನೈಲಾನ್ ಬೆಲ್ಟು ಬೇಕು. ಅದಕ್ಕಿಂತ ಒಳ್ಳೆಯದು ಬೈಕಿನ ಫ್ರೇಮಿಗೆ ಬೋಲ್ಟ್ ಹಾಕಿಸುವುದು. ಇನ್ನೊಂದು ವಿಷಯ: ಟಾಪ್ ಬಾಕ್ಸ್ ಕೂರಿಸುವ ಹಿಂದಿನ ರ‍್ಯಾಕ್‌ಗಳು ಸಾಮಾನ್ಯವಾಗಿ ಐದರಿಂದ ಹತ್ತು ಕಿಲೋ ಹೊರಲು ಮಾತ್ರ ಮಾಡಿದವು. ಅದರ ಮೇಲೆ ನಾಯಿ ಕೂರಿಸಬಾರದು. ತೂಕ ಸೀಟಿನ ಮೇಲೆ, ನಿಮ್ಮ ಬೆನ್ನಿಗೆ ಒತ್ತಿ ಇರಬೇಕು.

ಹತ್ತು ಹನ್ನೆರಡು ಕಿಲೋ ನಾಯಿಗೆ, ಒಬ್ಬರೇ ಹೋಗುವವರಿಗೆ, ಇದು ಆಗಬಹುದು. 17 ಕಿಲೋದ ಕೆಂಪಿಗೆ ಜಾಸ್ತಿಯಾಯಿತು. ಅವಳು ಬಲಕ್ಕೆ ತಿರುಗಿ ದನ ನೋಡಿದರೆ ಬೈಕೂ ಬಲಕ್ಕೆ ನೋಡುತ್ತಿತ್ತು.

ಟ್ರೇಲರ್: ವಿಡಿಯೊದಲ್ಲಿ ಕಾಣದ್ದು

ಈಗ ಅಸಲಿ ವಿಷಯ. ಟ್ರೇಲರ್‌ನ ಲಾಭಗಳು ನಿಜವಾದವೇ. ದೊಡ್ಡ ನಾಯಿಗೂ ಜಾಗ ಸಾಕು. ನೆರಳು ಸಿಗುತ್ತದೆ. ತೂಕ ಬೈಕಿನ ಮೇಲೆ ಕೂರುವುದಿಲ್ಲ. ಅಕಸ್ಮಾತ್ ಬೈಕು ವಾಲಿ ಬಿದ್ದರೂ, ಟ್ರೇಲರನ್ನು ಬೈಕಿಗೆ ಸಿಕ್ಕಿಸುವಲ್ಲಿ ತಿರುಗುವ ಕೊಂಡಿ ಇದ್ದರೆ, ಎರಡು ಚಕ್ರದ ಟ್ರೇಲರ್ ನೆಟ್ಟಗೆ ನಿಂತಿರುವ ಸಾಧ್ಯತೆ ಇದೆ.

ಸಕಲೇಶಪುರದ ಹತ್ತಿರ ಕಾಫಿ ತೋಟ ಇರುವ ನನ್ನ ಗೆಳೆಯ ಒಂದು ಟ್ರೇಲರ್ ಮಾಡಿಸಿದ್ದ. ಸ್ಕೂಟರಿನ ಹತ್ತು ಇಂಚಿನ ಚಕ್ರ, ಚೌಕ ಪೈಪಿನ ಚೌಕಟ್ಟು, ಸುತ್ತ ಜಾಲರಿ, ಮೇಲೆ ಟಾರ್ಪಾಲು. ತೋಟದ ಒಳಗಿನ ರಸ್ತೆಯಲ್ಲೇ ಪರೀಕ್ಷೆ ಮಾಡೋಣ ಅಂದೆವು. ನಾಯಿಯನ್ನು ಕೂರಿಸುವ ಮೊದಲು ಒಳಗೆ ಒಂದು ಸುಲಿಯದ ತೆಂಗಿನಕಾಯಿ, ಒಂದು ಲೋಟ ನೀರು, ವಿಡಿಯೊ ಹಾಕಿದ ಹಳೇ ಫೋನು ಇಟ್ಟೆವು. ಎರಡು ಕಿಲೋಮೀಟರ್, ಗಂಟೆಗೆ 25ರ ವೇಗ. ಬಂದು ನೋಡಿದರೆ ಲೋಟ ಮೊದಲ ತಿರುವಿನಲ್ಲೇ ಖಾಲಿ. ತೆಂಗಿನಕಾಯಿ ಮೋರಿ ಹತ್ತಿರ ಒಮ್ಮೆ ಟಾರ್ಪಾಲಿಗೆ ಬಡಿದು ಕೆಳಗೆ ಬಿದ್ದದ್ದು ಫೋನಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಮುಂದೆ ಬೈಕಿನ ಮೇಲೆ ಕುಳಿತಿದ್ದ ನನಗೆ ಇದ್ಯಾವುದೂ ಗೊತ್ತಾಗಿರಲಿಲ್ಲ. ಆರಾಮಾಗಿ ಹೋಗುತ್ತಿದೆ ಅಂದುಕೊಂಡಿದ್ದೆ.

ಟ್ರೇಲರ್ ಬಗ್ಗೆ ಯೋಚಿಸುವ ಎಲ್ಲರೂ ಈ ತೆಂಗಿನಕಾಯಿ ಪರೀಕ್ಷೆ ಮಾಡಲಿ. ಖರ್ಚೇನೂ ಇಲ್ಲ. ಆಮೇಲೆ ಕಾಯನ್ನು ಚಟ್ನಿಗೆ ಹಾಕಬಹುದು.

ಅಷ್ಟು ಕುಲುಕಲು ಕಾರಣ ಇದೆ. ಬೈಕ್ ಓಡಿಸುವವರು ಗುಂಡಿ ತಪ್ಪಿಸುವುದು ಒಂದು ಗೆರೆಯ ಲೆಕ್ಕದಲ್ಲಿ. ಎರಡು ಚಕ್ರದ ಟ್ರೇಲರ್ ಸಿಕ್ಕಿಸಿದರೆ ರಸ್ತೆಯಲ್ಲಿ ಮೂರು ಗೆರೆ ಬೀಳುತ್ತದೆ. ಬೈಕು ಗುಂಡಿಯ ಪಕ್ಕ ಜಾರಿಕೊಂಡು ಹೋದರೂ ಟ್ರೇಲರಿನ ಒಂದು ಚಕ್ರ ಅದರೊಳಗೇ ಇಳಿಯುತ್ತದೆ. ಅದೂ ಸಣ್ಣ ಚಕ್ರ. ಬೈಕಿನ 18 ಇಂಚಿನ ಚಕ್ರ ಉರುಳಿ ದಾಟುವ ಗುಂಡಿಯಲ್ಲಿ 10 ಇಂಚಿನದು ಕುಕ್ಕರಿಸುತ್ತದೆ. ಒಂದೇ ಚಕ್ರದ ಟ್ರೇಲರ್‌ಗಳೂ ಇವೆ, ಅವು ಬೈಕಿನ ಗೆರೆಯಲ್ಲೇ ಬರುತ್ತವೆ. ಆದರೆ ಅವು ಬೈಕಿನ ಜೊತೆಗೇ ವಾಲುತ್ತವೆ. ಒಳಗೆ ನಾಯಿ ಎದ್ದು ಆ ಕಡೆ ಈ ಕಡೆ ಓಡಾಡಿದರೆ ಅದು ನೇರವಾಗಿ ನಿಮ್ಮ ಹ್ಯಾಂಡಲ್ಲಿಗೆ ತಗಲುತ್ತದೆ. ಸಾಮಾನಿಗೆ ಸರಿ, ಜೀವ ಇರುವುದಕ್ಕೆ ಬೇಡ.

ಮುಂದಿನದು ತೂಕದ ಲೆಕ್ಕ. ಟ್ರೇಲರ್‌ನ ಒಟ್ಟು ತೂಕದಲ್ಲಿ ಸುಮಾರು ನೂರಕ್ಕೆ ಹತ್ತು ಪಾಲು ಕೊಂಡಿಯ ಮೇಲೆ ಕೂರಬೇಕು ಅನ್ನುವುದು ಎಳೆಯುವವರ ರೂಢಿ. 80 ಕಿಲೋ ಗಾಡಿಯಾದರೆ ಎಂಟು ಕಿಲೋ. ಅದು ಕಡಿಮೆಯಾಗಿ ತೂಕ ಚಕ್ರದ ಹಿಂದಕ್ಕೆ ಸರಿದರೆ ಗಾಡಿ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ವೇಗ ಏರಿದಷ್ಟೂ ಜೋರು. ಈಗ ಕೊಂಡಿಯಿಂದ ಚಕ್ರದ ಅಚ್ಚಿಗೆ ಒಂದೂವರೆ ಮೀಟರ್ ದೂರ ಇದೆ ಅಂದುಕೊಳ್ಳಿ. ಒಳಗಿರುವ 30 ಕಿಲೋ ನಾಯಿ ಒಂದು ಅಡಿ ಹಿಂದೆ ಸರಿದು ಮಲಗಿದರೆ ಕೊಂಡಿಯ ಮೇಲಿನ ಎಂಟು ಕಿಲೋದಲ್ಲಿ ಆರು ಕಿಲೋ ಹೋಯಿತು. ಒಂದೇ ಒಂದು ಅಡಿಗೆ! ಸಾಮಾನು ಹಾಕಿದ ಟ್ರೇಲರಿಗೂ ನಾಯಿ ಹಾಕಿದ ಟ್ರೇಲರಿಗೂ ಇರುವ ವ್ಯತ್ಯಾಸ ಇದೇ. ಅಕ್ಕಿ ಮೂಟೆ ಎದ್ದು ಹಿಂದಿನ ಕಿಟಕಿಗೆ ಹೋಗುವುದಿಲ್ಲ.

ಆದ್ದರಿಂದ ಒಳಗೆ ಓಡಾಡಲು ಜಾಗ ಇದ್ದರೆ ಒಳ್ಳೆಯದು ಅನ್ನುವುದು ತಪ್ಪು. ಮಲಗಲು, ತಿರುಗಲು ಸಾಕಾಗುವಷ್ಟೇ ಜಾಗ ಇರಲಿ. ಹಾಸಿಗೆ ಚಕ್ರದ ಅಚ್ಚಿಗಿಂತ ಸ್ವಲ್ಪ ಮುಂದಿರಲಿ. ಒಳಗೂ ಹಾರ್ನೆಸ್ ಕಟ್ಟಲೇಬೇಕು.

ಬ್ರೇಕು ಇನ್ನೊಂದು. ಇಂಥ ಪುಟ್ಟ ಟ್ರೇಲರ್‌ಗಳಿಗೆ ಸಾಮಾನ್ಯವಾಗಿ ತಮ್ಮದೇ ಬ್ರೇಕ್ ಇರುವುದಿಲ್ಲ. ದಾವಣಗೆರೆಯ ಹುಡುಗನದೇ ಲೆಕ್ಕ ಹಾಕೋಣ. ಬೈಕು 195 ಕಿಲೋ, ಅವನು 75, ಒಟ್ಟು 270. ಟ್ರೇಲರ್ 45, ನಾಯಿ 32, ಹಾಸಿಗೆ ನೀರು ಐದು, ಅಲ್ಲಿಗೆ 82. ಅಂದರೆ ನಿಲ್ಲಿಸಬೇಕಾದ ತೂಕ ನೂರಕ್ಕೆ 30 ಜಾಸ್ತಿ, ಬ್ರೇಕು ಮಾತ್ರ ಅದೇ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಗಾಡಿ ಬೈಕಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಈ ಪ್ರಯೋಗ ಬೇಡ.

ಜಾಗವೂ ಒಳ್ಳೆಯದಲ್ಲ. ಸೈಲೆನ್ಸರ್ ಹೊಗೆ ಬರುವುದು ಆ ಕಡೆಗೇ. ಹಿಂದಿನ ಚಕ್ರ ಎಸೆಯುವ ಕಲ್ಲು, ಮಳೆಗಾಲದ ರಾಡಿ ಹಾರುವುದೂ ಅಲ್ಲಿಗೇ. ಮುಂಭಾಗ ಪೂರ್ತಿ ಮುಚ್ಚಿ, ಎರಡು ಪಕ್ಕದಲ್ಲಿ ಜಾಲರಿ ಬಿಟ್ಟು, ಸೈಲೆನ್ಸರ್ ಬಾಯಿಯನ್ನು ಬೇರೆ ಕಡೆ ತಿರುಗಿಸಿದ್ದರೆ ಮಾತ್ರ ಅದು ನಾಯಿ ಕೂರುವ ಜಾಗ. ನಮ್ಮೂರಿನ ವಿಶೇಷ ಸಮಸ್ಯೆ ಒಂದಿದೆ, ಅದು ಹೊರದೇಶದ ವಿಡಿಯೊದಲ್ಲಿ ಬರುವುದಿಲ್ಲ. ರಸ್ತೆಯ ನಾಯಿಗಳು ಬೈಕನ್ನೇ ಅಟ್ಟಿಸಿಕೊಂಡು ಬರುತ್ತವೆ. ಹಿಂದೆ ನೆಲಮಟ್ಟದಲ್ಲಿ ಇನ್ನೊಂದು ನಾಯಿ ಇದ್ದರೆ ಕೇಳಬೇಕಾ?

ಕಾಗದದ ವಿಷಯ. ಬ್ರಿಟನ್‌ನಲ್ಲಿ ಇದಕ್ಕೆ ಸ್ಪಷ್ಟ ನಿಯಮ ಇದೆ. ಬೈಕು 125 ಸಿಸಿಗಿಂತ ದೊಡ್ಡದಿರಬೇಕು. ಟ್ರೇಲರ್ ಅಗಲ ಒಂದು ಮೀಟರ್ ಮೀರಬಾರದು. ಬೈಕಿನ ಹಿಂದಿನ ಅಚ್ಚಿನಿಂದ ಟ್ರೇಲರಿನ ತುದಿಗೆ ಎರಡೂವರೆ ಮೀಟರ್ ದಾಟಬಾರದು. ಲೋಡ್ ಸೇರಿ 150 ಕಿಲೋ ಅಥವಾ ಬೈಕ್ ತೂಕದ ಮೂರನೇ ಎರಡು ಪಾಲು, ಯಾವುದು ಕಡಿಮೆಯೋ ಅದು. ನೀವು ಎಲ್ಲೇ ಇದ್ದರೂ ಇದನ್ನು ಅಳತೆಯಾಗಿ ಇಟ್ಟುಕೊಳ್ಳಬಹುದು. ನಾನು ಅದಕ್ಕಿಂತ ಬಿಗಿ: ಬೈಕಿನ ಅರ್ಧ ತೂಕ ಸಾಕು. ನಮ್ಮ ದೇಶದ ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೇಲರ್ ಅನ್ನುವುದು ತಾನೇ ಒಂದು ವಾಹನ, ಅದಕ್ಕೂ ನೋಂದಣಿ ಬೇಕು. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ, ಕೊಂಡಿ ಹಾಕಿ, ಹೈವೇಗೆ ಇಳಿಸಿದರೆ ಅದಕ್ಕೆ ಆರ್‌ಸಿ ಎಲ್ಲಿಂದ ಬರಬೇಕು? ದುಡ್ಡು ಸುರಿಯುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬಾಯಿಬಿಟ್ಟು ಕೇಳಿ. ಗೆಳೆಯ ಕೇಳದೇ ಮಾಡಿಸಿದ. ಅದು ತೋಟದ ಗೇಟು ದಾಟಲೇ ಇಲ್ಲ.

ಇನ್ನೊಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಮಡಚುವ, ಬಟ್ಟೆಯ ಮೈ ಇರುವ ನಾಯಿ ಟ್ರೇಲರ್ ಕಡಿಮೆ ಬೆಲೆಗೆ ಕಾಣುತ್ತದೆ. ಅದು ಸೈಕಲ್ಲಿಗೆ ಮಾಡಿದ್ದು. ಬೈಕಿನ ವೇಗಕ್ಕೆ ಅದರ ಚಕ್ರ, ಕೊಂಡಿ ಯಾವುದೂ ತಡೆಯುವುದಿಲ್ಲ. ಸುಮ್ನೆ ಕಡಿಮೆ ಬೆಲೆ ನೋಡಿ ಮೋಸ ಹೋಗಬೇಡಿ.

ಸೈಡ್‌ಕಾರ್: ಕಣ್ಣಂಚಿನಲ್ಲಿ ನಾಯಿ

ಒಂದು ಕಾಲದಲ್ಲಿ ಬಜಾಜ್ ಸ್ಕೂಟರಿಗೆ ಸೈಡ್‌ಕಾರ್ ಹಾಕಿಸಿ ಇಡೀ ಸಂಸಾರ ಹೊತ್ತೊಯ್ಯುತ್ತಿದ್ದದ್ದು ನಿಮಗೂ ನೆನಪಿರಬಹುದು. ಬಾಕ್ಸ್ ಸಹವಾಸ ಬಿಟ್ಟ ಮೇಲೆ ನಾನು ಹಳೇ 350 ಸಿಸಿ ಬೈಕೊಂದನ್ನು ಸೈಡ್‌ಕಾರ್ ಸಮೇತ ಕೊಂಡೆ. ಕೆಂಪಿಗೆ ಕೂತ ಮೊದಲ ದಿನವೇ ಇಷ್ಟವಾಯಿತು.

ನನ್ನ ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು ಇಲ್ಲಿ. ಎಡಗಣ್ಣಿನ ಅಂಚಿನಲ್ಲಿ ಅವಳ ಕಿವಿ ಕಾಣುತ್ತಿರುತ್ತದೆ. ನಾಲಿಗೆ ಎಷ್ಟು ಉದ್ದ ಇಳಿದಿದೆ, ತುದಿ ಅಗಲವಾಗಿದೆಯಾ ಅಂತ ಗೊತ್ತಾಗುತ್ತದೆ. ಅಗಲವಾದರೆ ಸೆಕೆ ಜಾಸ್ತಿಯಾಗಿದೆ, ಮುಂದಿನ ಮರದ ನೆರಳಲ್ಲಿ ನಿಲ್ಲಿಸುತ್ತೇನೆ. ಚನ್ನರಾಯಪಟ್ಟಣದ ಹತ್ತಿರ ಒಮ್ಮೆ ಅವಳು ಇದ್ದಕ್ಕಿದ್ದಂತೆ ಕಣ್ಣು ಉಜ್ಜತೊಡಗಿದಳು. ನಿಲ್ಲಿಸಿ ನೋಡಿದರೆ ರೆಪ್ಪೆಯೊಳಗೆ ಹುಳ. ಟ್ರೇಲರಿನಲ್ಲಿದ್ದಿದ್ದರೆ ಹಾಸನದಲ್ಲಿ ಇಳಿಸುವಾಗ ಗೊತ್ತಾಗುತ್ತಿತ್ತು. ಅವತ್ತಿನಿಂದ ನಾಯಿ ಕನ್ನಡಕ ಹಾಕಿಸುತ್ತೇನೆ. ಮನೆಯಲ್ಲಿ ಊಟದ ಹೊತ್ತಿಗೆ ಹಾಕಿ ಹಾಕಿ ಅಭ್ಯಾಸ ಮಾಡಿಸಿದರೆ ಕಿತ್ತು ಹಾಕುವುದಿಲ್ಲ.

ಕಾನೂನಿನಲ್ಲೂ ಸೈಡ್‌ಕಾರಿಗೆ ಜಾಗ ಇದೆ. ಮೋಟಾರ್ ಸೈಕಲ್ ಅಂದರೆ ಏನು ಅಂತ ಕಾಯ್ದೆ ಹೇಳುವಾಗಲೇ ಕಳಚಬಹುದಾದ ಸೈಡ್‌ಕಾರನ್ನೂ ಸೇರಿಸಿದೆ. ಹಾಗಂತ ಹೇಳದೇ ಕೇಳದೇ ಜೋಡಿಸಬಾರದು. ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ಹೊಂದಿಕೆಯಾಗಬೇಕು, ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು. ಹಳೇ ಗಾಡಿ ಕೊಳ್ಳುವವರು ಆರ್‌ಸಿಯಲ್ಲಿ ಸೈಡ್‌ಕಾರ್ ನಮೂದಾಗಿದೆಯಾ ನೋಡಿ.

ಕಷ್ಟ ಇರುವುದು ಓಡಿಸುವುದರಲ್ಲಿ. ಬೈಕ್ ಓಡಿಸಲು ಬರುತ್ತದೆ ಅನ್ನುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅಡ್ಡವೇ ಬರುತ್ತದೆ. ಇದು ವಾಲುವುದಿಲ್ಲ, ಹ್ಯಾಂಡಲ್ ಹಿಡಿದು ಎಳೆಯಬೇಕು. ನಮ್ಮಲ್ಲಿ ಸೈಡ್‌ಕಾರ್ ಎಡಕ್ಕಿರುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಗಾಡಿ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಾಕಿದರೆ ಬಲಕ್ಕೆ, ಅಂದರೆ ಎದುರು ಬರುವ ಲಾರಿಯ ಕಡೆಗೆ. ಎಡ ತಿರುವಿನಲ್ಲಿ ವೇಗ ಜಾಸ್ತಿಯಾದರೆ ಸೈಡ್‌ಕಾರ್ ಚಕ್ರ ಮೇಲೆದ್ದು ಬಿಡುತ್ತದೆ, ನಾಯಿ ಸಮೇತ. ಖಾಲಿ ಇದ್ದಾಗ ಇನ್ನೂ ಬೇಗ. ಅದಕ್ಕೇ ಮೊದಲ ಒಂದು ತಿಂಗಳು ಸೈಡ್‌ಕಾರಿನಲ್ಲಿ 20 ಕಿಲೋ ಮರಳು ಚೀಲ ಇಟ್ಟು ಖಾಲಿ ಮೈದಾನದಲ್ಲಿ ಎಂಟರ ಆಕಾರ ಸುತ್ತಿ. ನಾನು ಎರಡು ವಾರ ಸುತ್ತಿದೆ. ಭುಜ ನೋವಿಗೆ ನೋವಿನೆಣ್ಣೆ ಖಾಲಿಯಾಯಿತು.

ಅಗಲ ಇನ್ನೊಂದು ತಲೆನೋವು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಮ್ಮದು ಬೈಕಲ್ಲ, ಆಟೊ ಅಂತ ತಿಳಿದುಕೊಂಡೇ ಹೊರಡಿ.

ಬೈಕೇ ಬೇಡ ಅಂದರೆ

ಕಾರಿನಲ್ಲಿ ಹಿಂದಿನ ಸೀಟಿನ ಬೆಲ್ಟಿಗೆ ಹಾರ್ನೆಸ್ ಸಿಕ್ಕಿಸಿದರೆ ಮೂರು ಪ್ರಶ್ನೆಗೆ ಒಟ್ಟಿಗೇ ಉತ್ತರ ಸಿಕ್ಕಿಬಿಡುತ್ತದೆ. ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಟ್ಟು ಹೋಗಬೇಡಿ, ಕಿಟಕಿ ಎರಡು ಬೆರಳು ಇಳಿಸಿದ್ದರೂ.

ರೈಲಿನಲ್ಲಿ ನಾಯಿ ನಿಮ್ಮ ಜೊತೆಗೇ ಇರಬೇಕಾದರೆ ಎಸಿ ಫಸ್ಟ್ ಕ್ಲಾಸಿನ ಪೂರ್ತಿ ಕೂಪೆ, ಅಂದರೆ ಎರಡು ಬರ್ತ್, ಇಲ್ಲವೇ ನಾಲ್ಕು ಬರ್ತಿನ ಕ್ಯಾಬಿನ್ ನಿಮ್ಮದಾಗಿರಬೇಕು. ಎಸಿ ಟು ಟಯರ್, ತ್ರೀ ಟಯರ್, ಸ್ಲೀಪರ್‌ನಲ್ಲಿ ಬಿಡುವುದಿಲ್ಲ. ಇಲ್ಲವಾದರೆ ಗಾರ್ಡ್ ಬೋಗಿಯ ನಾಯಿ ಪೆಟ್ಟಿಗೆ. ಆ ಕತ್ತಲ ಪೆಟ್ಟಿಗೆಗೆ ನಾನಂತೂ ಕೆಂಪಿಯನ್ನು ಹಾಕುವುದಿಲ್ಲ. ಕೆಎಸ್‌ಆರ್‌ಟಿಸಿ 2022ರ ಕೊನೆಯಲ್ಲಿ ನಾಯಿಗೆ ಅರ್ಧ ಟಿಕೆಟ್ ಮಾಡಿತು. ಅದು ಸಾಮಾನ್ಯ ಬಸ್ಸುಗಳಿಗೆ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ನಾಯಿ ಹತ್ತಿಸುವ ಹಾಗಿಲ್ಲ. ಪುಟ್ಟ, ಸಮಾಧಾನದ ನಾಯಿಯಾದರೆ ಬೆಳಗಿನ ಮೊದಲ ಬಸ್ಸು ನೋಡಿ. ಬಸ್ಸಾಗಲಿ ರೈಲಾಗಲಿ, ರೇಬೀಸ್ ಲಸಿಕೆಯ ಪುಸ್ತಕ ಕೈಯಲ್ಲಿರಲಿ.

ಯಾವುದನ್ನೇ ಆರಿಸಿದರೂ

ಮೊದಲ ದಿನವೇ ಪ್ರಯಾಣ ಹೊರಡಬೇಡಿ. ಒಂದು ವಾರ ನಿಂತ ಗಾಡಿಯಲ್ಲಿ ಕೂರಿಸಿ ತಿಂಡಿ ಕೊಡಿ. ಇನ್ನೊಂದು ವಾರ ಇಂಜಿನ್ ಚಾಲೂ ಇಟ್ಟು ಕೊಡಿ. ಆಮೇಲೆ ಬೀದಿ ತುದಿ, ಆಮೇಲೆ ಐದು ಕಿಲೋಮೀಟರ್. ಯಾವ ಹಂತದಲ್ಲಿ ನಡುಗಿದರೂ ಒಂದು ಹಂತ ಹಿಂದಕ್ಕೆ ಬನ್ನಿ. ಕೆಲವು ನಾಯಿಗೆ ಎಷ್ಟು ಮಾಡಿದರೂ ಆಗುವುದಿಲ್ಲ, ಮನೆಯಲ್ಲೇ ಖುಷಿಯಾಗಿರುತ್ತವೆ. ಡಾಕ್ಟರನ್ನು ಕೇಳದೆ ಮಂಪರಿನ ಮಾತ್ರೆ ಕೊಡಬೇಡಿ.

ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಊಟ ಮುಗಿಸಿ. ಬೇಸಿಗೆಯಲ್ಲಿ ಬೆಳಗಿನ ಐದಕ್ಕೆ ಹೊರಟು ಹತ್ತರೊಳಗೆ ತಲುಪಿ. ಇಳಿಸುವ ಮೊದಲು ನಿಮ್ಮ ಅಂಗೈ ಡಾಂಬರಿನ ಮೇಲೆ ಇಡಿ. ಏಳು ಎಣಿಸುವವರೆಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯುವುದಿಲ್ಲ. ಜೊಲ್ಲು ಅಂಟಂಟಾಗಿ, ಒಸಡು ಕಡುಗೆಂಪಾಗಿ, ಹೆಜ್ಜೆ ತಪ್ಪಿದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ತಂದು ಮೈಮೇಲೆ ಸಾದಾ ನೀರು ಸುರಿಯುತ್ತಾ ಗಾಳಿ ಹಾಕಿ, ಹಾಗೇ ಡಾಕ್ಟರ ಹತ್ತಿರ ಓಡಿ. ಬಂಡೀಪುರದಂಥ ಕಾಡಿನ ರಸ್ತೆಯಲ್ಲಿ ಮೂತ್ರಕ್ಕೂ ಇಳಿಸಬೇಡಿ. ಕಾಡು ಶುರುವಾಗುವ ಮುಂಚೆಯೇ ಆ ಕೆಲಸ ಮುಗಿಸಿಕೊಳ್ಳಿ.

ಮೂವರಿಗೂ

ಮೈಸೂರಿನವರೇ, ನಿಮ್ಮ ಪಗ್‌ಗೆ ಊರೊಳಗೆ ಬೆನ್ನಿನ ಬ್ಯಾಗು ಸಾಕು, ಅದೂ ತಂಪು ಹೊತ್ತಿನಲ್ಲಿ. ಬೆಂಗಳೂರಿಗೆ ಸ್ಕೂಟರಿನಲ್ಲಿ ಬೇಡ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ ಬಿಡುವುದಿಲ್ಲ. ಸರ್ವಿಸ್ ರಸ್ತೆಯ ಹಂಪುಗಳನ್ನು ಎಣಿಸುತ್ತಾ ಅಷ್ಟು ದೂರ ಹೋದರೆ ನಿಮಗಿಂತ ಮೊದಲು ಪಗ್ ಸುಸ್ತಾಗುತ್ತದೆ. ಬಾಡಿಗೆ ಕಾರು ಮಾಡಿ.

ಟೆಕ್ಸಸ್‌ನವರೇ, ಟ್ರೇಲರ್ ಹೊಂದುವುದು ನಿಮ್ಮಂಥ ರಸ್ತೆಗೇ. 1,833 ಸಿಸಿ ಇಂಜಿನ್ನು, ಭಾರದ ಬೈಕು, ಗುಂಡಿ ಇಲ್ಲದ ನೇರ ದಾರಿ. ಆದರೆ ನಿಮ್ಮ ಬೈಕಿನ ಮ್ಯಾನುಯಲ್ ತೆಗೆದು ನೋಡಿ. ಟ್ರೇಲರ್ ಎಳೆಯಲು ಇದನ್ನು ಮಾಡಿಲ್ಲ ಅಂತ ಹೋಂಡಾ ಬರೆದಿರುತ್ತದೆ. ಎಳೆಯುವವರು ಬಹಳ ಜನ ಇದ್ದಾರೆ, ಆ ಹೊಣೆ ತಮ್ಮದೇ ಅಂತ ಗೊತ್ತಿದ್ದು ಎಳೆಯುತ್ತಾರೆ. ಎಳೆಯುವುದೇ ಆದರೆ ಎರಡು ಚಕ್ರದ್ದು, ಶಾಕ್ ಅಬ್ಸಾರ್ಬರ್ ಇರುವುದು, ತಿರುಗುವ ಕೊಂಡಿ, ಜೊತೆಗೆ ಸೇಫ್ಟಿ ಚೈನು. ಒಳಗೊಂದು ಕ್ಯಾಮೆರಾ ಇಟ್ಟು ಪರದೆಯನ್ನು ಹ್ಯಾಂಡಲ್ ಮೇಲೆ ಹಾಕಿಕೊಳ್ಳಿ, ಶಾಖ ಎಷ್ಟು ಅಂತ ತೋರಿಸುವ ಮೀಟರೂ ಇರಲಿ. ನಿಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನ ಯಾವ ಟ್ರೇಲರಿಗೂ ಆಗದು.

ದಾವಣಗೆರೆಯ ತಮ್ಮಾ, ನಿನ್ನ ಲ್ಯಾಬ್ರಡಾರ್ ಬ್ಯಾಗಿಗೂ ಬಾಕ್ಸಿಗೂ ಆಗುವುದಿಲ್ಲ. ಟ್ರೇಲರ್ ಲೆಕ್ಕದಲ್ಲಿ ಪಾಸಾಗುತ್ತದೆ, ರಸ್ತೆಯಲ್ಲಿ, ಕಾಗದದಲ್ಲಿ ಫೇಲಾಗುತ್ತದೆ. ತಿಂಗಳಿಗೆ ಎರಡು ಸಲ ಕರೆದೊಯ್ಯುವುದಿದ್ದರೆ, ಓಡಿಸುವುದನ್ನು ಮತ್ತೆ ಕಲಿಯುವ ತಾಳ್ಮೆ ಇದ್ದರೆ, ಸೈಡ್‌ಕಾರ್. ವರ್ಷಕ್ಕೆ ಎರಡು ಸಲ ಆದರೆ ಮಾವನ ಕಾರು ಕೇಳು.

ಗೆಳೆಯನ ಟ್ರೇಲರ್ ಏನಾಯಿತು ಅಂತ ಕೇಳುತ್ತೀರೇನೋ. ಚಕ್ರ ಬಿಚ್ಚಿ, ಕಾಫಿ ಕಣದ ಪಕ್ಕ ನಾಲ್ಕು ಇಟ್ಟಿಗೆಯ ಮೇಲೆ ಕೂರಿಸಿದ್ದಾನೆ. ಟಾರ್ಪಾಲು ತೆಗೆದು ಹೆಂಚು ಹೊದಿಸಿದ್ದಾನೆ. ಮಳೆ ಬಂದರೆ ಅವನ ನಾಯಿ ಅದರಲ್ಲೇ ಮಲಗುತ್ತದೆ.